ನಾಲಿಗೆಗೆ ಚುರ್ ಅನ್ನದ ಸೋಪು

ತಂಗಿ ಮನೆಯಲ್ಲೇ ಸೋಪು ಮಾಡಿ ಮಾರುತ್ತಿದ್ದಳು. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಅಚ್ಚಿಗೆ ಹೊಯ್ದು, ವಾರಗಟ್ಟಲೆ ಒಣಗಿಸಿ, ಕೊನೆಗೆ ಬಿಲ್ಲೆಯ ಮೂಲೆಗೆ ನಾಲಿಗೆಯ ತುದಿ ತಾಗಿಸುವಳು. ಚುರ್ ಅಂದರೆ ಕಾಸ್ಟಿಕ್ ಇನ್ನೂ ಉಳಿದಿದೆ. ಅನ್ನದಿದ್ದರೆ ಮೈಗೆ ಹಚ್ಚಲು ಅಡ್ಡಿಯಿಲ್ಲ. ಕಲಿಸಿದವಳು ಹೇಳಿಕೊಟ್ಟದ್ದು ಅಷ್ಟೇ. ತಂಗಿಯ ಸೋಪಿನ ಬಗ್ಗೆ ಈವರೆಗೆ ಯಾರೂ ದೂರಿನ ಒಂದು ಮಾತು ಆಡಿರಲಿಲ್ಲ.

ಹಾಸಿಗೆ ಹಿಡಿದ ಅಕ್ಕನಿಗೆಂದು ಒಳ್ಳೊಳ್ಳೆಯ ಬಿಲ್ಲೆಗಳನ್ನೇ ಆರಿಸಿ ಇಟ್ಟಿದ್ದಳು. ಬೆಳಿಗ್ಗೆ ಬಿಸಿನೀರಿನ ಬೋಗುಣಿ ತಂದು, ತೋಳು, ಬೆನ್ನು, ಕಾಲಿಗೆಲ್ಲ ನೊರೆ ಬರಿಸಿ ಉಜ್ಜುವಳು.

“ನಿಧಾನ ಕಣೇ ಗುಬ್ಬಿ. ಆಮೇಲೆ ಹಿಂಡಿ ಹಗ್ಗಕ್ಕೆ ಹಾಕ್ಬಿಟ್ಟೀಯ!” ಎಂದು ಅಕ್ಕ ನಗುವಳು.

“ಸುಮ್ನಿರೇ, ಫಳಫಳ ಅನ್ಬೇಕು ನೀನು.”

ಫಳಫಳ ಅನ್ನಲಿಲ್ಲ. ಮೊದಲು ಚರ್ಮದ ಮೇಲೆ ಬಿಳಿ ಹೊಟ್ಟು ಎದ್ದಿತು. ಆಮೇಲೆ ಬೆನ್ನೂ ಮೊಣಕಾಲಿನ ಹಿಂಬದಿಯೂ ಕೆಂಪಾಗಿ ಬಿರುಕು ಬಿಟ್ಟವು. ಕಾಯಿಲೆಯದೇ ಕಾಟವೆಂದುಕೊಂಡು ತಂಗಿ ಇನ್ನೂ ಹೆಚ್ಚು ತೊಳೆದಳು.

ಮನೆಗೆ ಬಂದು ನೋಡುತ್ತಿದ್ದ ನರ್ಸ್ ಒಂದು ದಿನ ಬೋಗುಣಿಯ ನೊರೆನೀರಿಗೆ ಕಾಗದದ ಪಟ್ಟಿಯೊಂದನ್ನು ಅದ್ದಿದಳು. ಹಳದಿ ಪಟ್ಟಿ ನೀಲಿಗೆ ತಿರುಗಿತು.

“ನಾಲಿಗೆಗೆ ಚುರ್ ಅನ್ನಲ್ಲ ಸಿಸ್ಟರ್. ನಾನೇ ನೋಡಿದೀನಿ!”

“ಕಾಸ್ಟಿಕ್ ಮಿಕ್ಕಿದೆಯೋ ಇಲ್ವೋ, ನಾಲಿಗೆ ಹೇಳೋದು ಅಷ್ಟೇ ಅಮ್ಮಾ. ಎಷ್ಟೇ ಚೆನ್ನಾಗಿ ಮಾಡಿದ್ರೂ ಇಂಥ ಸೋಪಿನ ಪಿಎಚ್ ಒಂಬತ್ತೋ ಹತ್ತೋ ಇದ್ದೇ ಇರುತ್ತೆ, ಅಂದ್ರೆ ಕ್ಷಾರ; ಪಟ್ಟಿ ನೀಲಿಯಾಗಿದ್ದು ಅದಕ್ಕೇ. ಚರ್ಮದ್ದು ಐದರ ಆಸುಪಾಸು, ಒಂಚೂರು ಹುಳಿ. ಆ ಹುಳೀನೇ ಅದಕ್ಕೆ ಕಾವಲು. ಗಟ್ಟಿಮುಟ್ಟಾಗಿರೋರಿಗೆ ತೊಳೆದ್ಮೇಲೆ ವಾಪಸ್ ಬರುತ್ತೆ. ಇವ್ರ ಮೈಯಲ್ಲಿ ಅಷ್ಟು ಕಸುವಿಲ್ಲ. ಇನ್ಮೇಲೆ ಸೋಪು ಬೇಡ, ಚರ್ಮದ ಹುಳಿ ಕೆಡಿಸದ ಈ ಲೋಷನ್ ನೀರಿಗೆ ಹಾಕಿ ಒರೆಸಿದ್ರೆ ಸಾಕು.”

ನರ್ಸ್ ಹೋದ ಮೇಲೆ ತಂಗಿ ಮಂಚದ ಪಕ್ಕ ಕೂತಳು.

“ಉರೀತಿತ್ತಾ ಅಕ್ಕ?”

ಅಕ್ಕ ಗೋಡೆಯ ಕಡೆ ನೋಡಿದಳು. “ಹೂಂ.”

“ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?”

“ಹೇಳಿದ್ರೆ ನೀನು ಯಾರೋ ಆಯಾನ ಗೊತ್ತು ಮಾಡ್ಬಿಡ್ತಿದ್ದೆ. ದಿನವಿಡೀ ಅಚ್ಚು, ಗಿರಾಕಿ ಅಂತ ಕಾಲಿಗೆ ಚಕ್ರ ಕಟ್ಕೊಂಡಿರ್ತೀಯ. ನನ್ನ ಹತ್ರ ಕೂರ್ತಿದ್ದಿದ್ದು ಅದೊಂದೇ ಹೊತ್ತು. ಉರಿದ್ರೆ ಉರೀಲಿ ಅಂದ್ಕೊಂಡೆ.”

ತಂಗಿ ಎದ್ದು ಬೋಗುಣಿಯ ನೊರೆನೀರನ್ನು ಹೊರಗೆ ಚೆಲ್ಲಿ ಬಂದಳು.

ಮಾರನೆಯ ದಿನದಿಂದ ಲೋಷನ್ ನೀರು. ನೊರೆಯಿಲ್ಲ, ಜಾಲಿಸಬೇಕಿಲ್ಲ, ಕೆಲಸ ಬೇಗ ಮುಗಿಯುತ್ತಿತ್ತು. ಆದರೂ ಅವಳು ಎದ್ದು ಹೋಗುತ್ತಿರಲಿಲ್ಲ. ಗಿರಾಕಿಗಳು ಬಾಗಿಲು ಬಡಿದು ಬಡಿದು ವಾಪಸಾದರು. ಅಕ್ಕನ ಬೆನ್ನಿನ ಕೆಂಪು ಇಳಿಯತೊಡಗಿತು. ಪೂರ್ತಿ ವಾಸಿಯಾಗುವಷ್ಟು ಕಾಲ ಮಾತ್ರ ಅಕ್ಕನಿಗೆ ಉಳಿದಿರಲಿಲ್ಲ.

ಅಕ್ಕ ಹೋದ ಬೆಳಿಗ್ಗೆ, ಮೈ ತೊಳೆಯಲು ನೆರವಿಗೆ ಬಂದ ಪಕ್ಕದ ಮನೆಯಾಕೆ ಕಪಾಟಿನಿಂದ ಸೋಪಿನ ಬಿಲ್ಲೆ ತಂದಳು. “ನಿನ್ನ ಕೈಯಿಂದಾನೇ ಆಗ್ಲಿ ಕಣಮ್ಮ. ಇನ್ನೇನು ಉರಿಯುತ್ತೆ ಅವಳಿಗೆ?”

ತಂಗಿ ಬೇಡವೆಂದು ತಲೆಯಾಡಿಸಿದಳು. ಬೋಗುಣಿಗೆ ಲೋಷನ್ ಸುರಿದು, ನೀರು ಹಿತವಾಗಿ ಬೆಚ್ಚಗಿದೆಯೇ ಎಂದು ಕೈ ಅದ್ದಿ ನೋಡಿದಳು.