ಹದಿಮೂರು ಡಿಗ್ರಿ

"ಮೆಲ್ಲಗೆ! ಬಾಗಿಲು ಮೆಲ್ಲಗೆ ಮುಚ್ಚು ಅಂತ ಎಷ್ಟು ಸಲ ಹೇಳೋದು ನಿಂಗೆ?"

ಅಪ್ಪನ ಕೋಣೆಯ ಗೋಡೆಕಪಾಟಿನ ಮುಂದೆ ಮಂಡಿಯೂರಿ ಕೂತಿದ್ದ ಕನ್ನಡಕದವನು ತಿರುಗಿಯೂ ನೋಡದೆ ಗದರಿದ. ಎರಡೂ ಕೈಯಲ್ಲಿ ಚಹಾ ಲೋಟ ಹಿಡಿದು ಬಂದ ಹೆಂಡತಿ ಪಾಪ, ಬಾಗಿಲನ್ನು ಕಾಲಿನಿಂದ ತಳ್ಳಿದ್ದಳು. ಅದು ಚೌಕಟ್ಟಿಗೆ ಧಡಾರನೆ ಬಡಿದಿತ್ತು. ಅಷ್ಟಕ್ಕೇ ಕಪಾಟಿನೊಳಗೆ ಅಡ್ಡ ಮಲಗಿಸಿಟ್ಟಿದ್ದ ಹದಿನೆಂಟು ವೈನ್ ಬಾಟಲಿಗಳಿಗೆ ಏನಾಯಿತೋ ಎಂದು ಅವನ ಜೀವ ಹೊಡೆದುಕೊಂಡಿತ್ತು. ಬಾಟಲಿಗಳೇನೋ ಮಿಸುಕಿರಲಿಲ್ಲ. ಅವನು ಒಳಗೆ ತೇವಕ್ಕೆಂದು ಇಟ್ಟಿದ್ದ ಬಟ್ಟಲಿನ ನೀರು ಬದಲಿಸಿ, ಕಪಾಟು ಮುಚ್ಚಿ, ಪಕ್ಕದ ಮೊಳೆಗೆ ತೂಗುಹಾಕಿದ್ದ ಥರ್ಮಾಮೀಟರಿನತ್ತ ಕತ್ತು ಚಾಚಿದ.

"ತಡಿ ತಡಿ, ನೋಡಬೇಡ," ಎಂದ ಮಂಚದ ಮೇಲಿದ್ದ ಅಪ್ಪ. ಕಂಬಳಿಯೊಳಗಿಂದ ಒಂದು ಕೈ ಹೊರಗೆ ಬಂತು. ಅಂಗೈ ಬಿಚ್ಚಿ, ಗಾಳಿಯಲ್ಲಿ ಎರಡು ಸಲ ಆಡಿಸಿ, "ಹದಿಮೂರು. ಇನ್ನೂ ಅರ್ಧ ಸೇರಿಸ್ಕೊ ಬೇಕಾದ್ರೆ," ಎಂದ.

ಹದಿಮೂರೂವರೆಯೇ ಇತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಪ್ಪ ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ನಿಂತವನು. ಒಲೆಯ ಬಾಯಿಗೆ ಅಂಗೈ ಹಿಡಿದು ಮೂರು ಎಣಿಸುವುದರೊಳಗೆ ಬ್ರೆಡ್ಡಿಗೆ ಹದ ಬಂತೋ ಇಲ್ಲವೋ ಹೇಳುತ್ತಿದ್ದ. ಒಲೆಗೆ ಮೀಟರ್ ಕೂರಿಸಿದ ಮೇಲೂ ಮಾಲೀಕ ಮೊದಲು ಅಪ್ಪನನ್ನು ಕೇಳಿ, ಆಮೇಲೆ ಮೀಟರು ಸರಿಯಿದೆಯೇ ಎಂದು ನೋಡುತ್ತಿದ್ದನಂತೆ.

ಬಾಟಲಿಗಳು ಬಂದು ಎರಡೂವರೆ ತಿಂಗಳಾಗಿತ್ತು. ಅವನ ಕನ್ನಡಕದ ಅಂಗಡಿಯ ಎದುರಿಗಿದ್ದ ವೈನ್ ಅಂಗಡಿಯ ಮುದುಕ ವ್ಯಾಪಾರ ಮುಚ್ಚಿ ಮಗಳ ಮನೆಗೆ ಹೊರಟಾಗ ಇವನನ್ನು ಕರೆದು ಕೊಟ್ಟದ್ದು. "ನೀನು ಮಾಡಿಕೊಟ್ಟ ಕನ್ನಡಕದಿಂದ ಕೊನೇ ನಾಲ್ಕು ವರ್ಷ ಲೇಬಲ್ ಓದ್ದೆ. ತಗೋ. ಇದನ್ನ ಹತ್ತು ವರ್ಷ ಮುಟ್ಟಬೇಡ," ಎಂದು, ಕೈಹಿಡಿದು ಪಾಠ ಹೇಳಿದ್ದ. ಮಲಗಿಸಿಯೇ ಇಡಬೇಕು, ಇಲ್ಲದಿದ್ದರೆ ಬಿರಡೆ ಒಣಗಿ ಗಾಳಿ ನುಗ್ಗುತ್ತದೆ. ಬೆಳಕು ಬೀಳಬಾರದು. ಅಲುಗಾಡಬಾರದು. ಮುಖ್ಯವಾಗಿ ಹದಿಮೂರು ಡಿಗ್ರಿಯ ಆಸುಪಾಸು, ಇಡೀ ವರ್ಷ. "ಒಂದೇ ಒಂದು ಸಲ ಬಿಸಿ ತಾಗಿದ್ರೂ ಮುಗೀತು, ಆಮೇಲೆ ಅತ್ತರೂ ಬರಲ್ಲ."

ಐವತ್ತು ದಾಟಿದ ಕನ್ನಡಕದವನಿಗೆ ಆ ಮಾತು ತಲೆಗೆ ಹತ್ತಿಬಿಟ್ಟಿತು. ಅವನ ಕೈಯಲ್ಲಿ ಹಾದುಹೋದದ್ದೆಲ್ಲ ದಿನದಿನಕ್ಕೆ ಕೆಡುವ ವಸ್ತುವೇ. ಗಾಜಿಗೆ ಗೀರು ಬೀಳುತ್ತದೆ, ಕಡ್ಡಿ ಮುರಿಯುತ್ತದೆ, ಎರಡು ವರ್ಷಕ್ಕೆ ಕಣ್ಣಿನ ನಂಬರೇ ಬದಲಾಗುತ್ತದೆ. ಸುಮ್ಮನೆ ಕಾದರೆ ಸಾಕು, ತನ್ನಷ್ಟಕ್ಕೆ ಒಳ್ಳೆಯದಾಗುತ್ತ ಹೋಗುವಂಥದ್ದು ಒಂದಾದರೂ ಮನೆಯಲ್ಲಿರಲಿ ಎಂದು ಅವನಿಗೆ ಆಸೆಯಾಯಿತು. ತಪ್ಪೇನು?

ಮನೆಯಲ್ಲಿ ಇದ್ದದ್ದು ಮೂರು ಕೋಣೆ. ಅವುಗಳಲ್ಲಿ ಬಿಸಿಲು ಕಾಣದ್ದು, ಕಲ್ಲಿನ ನೆಲದ್ದು, ರಸ್ತೆಯ ಸದ್ದು, ಅದುರಾಟ ತಾಗದ್ದು ಅಪ್ಪನ ಕೋಣೆ ಒಂದೇ. ಅಡ್ಡಿಯಾಗಿದ್ದುದು ಹೀಟರ್. ಅದಕ್ಕೂ ಅವನು ದಾರಿ ಹುಡುಕಿದ. "ಅಪ್ಪ, ನಿನಗೆ ಸೆಕೆ ಅಂದ್ರೆ ಆಗಲ್ಲ ಅಲ್ವಾ? ಈ ಹೀಟರ್ ತೆಗೆದುಬಿಡ್ಲಾ?" ಎಂದು ಕೇಳಿದ್ದ. ಅಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿ, "ತೆಗಿಯಪ್ಪ," ಎಂದಿದ್ದ. ಹೀಟರ್ ಅಟ್ಟ ಸೇರಿತು. ದಪ್ಪ ಪರದೆ ಬಂತು. ಬಾಟಲಿಗಳ ಬಗ್ಗೆ ಮಾತ್ರ "ಬೇರೆ ಕಡೆ ಜಾಗ ಇಲ್ಲ" ಎಂದಷ್ಟೇ ಹೇಳಿ ನಾಲಿಗೆ ಬಿಗಿಹಿಡಿದಿದ್ದ.

ಹೆಂಡತಿಗೆ ಮಾತ್ರ ಎಲ್ಲ ಗೊತ್ತಿತ್ತು. ಅಡುಗೆಮನೆಯಲ್ಲಿ ಸಿಕ್ಕಾಗೆಲ್ಲ ಕುಟುಕುತ್ತಿದ್ದಳು. "ಡಿಗ್ರಿ ಸಾಹೇಬ್ರು ಬಂದ್ರಾ? ಸವತಿಯರು ಕ್ಷೇಮಾನಾ? ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಒಂದಿನ ನನ್ನ ಹಣೆ ಮುಟ್ಟಿ ಜ್ವರ ನೋಡಿದವರಲ್ಲ. ಅವಕ್ಕೆ ದಿನಕ್ಕೆ ಮೂರು ಸಲ ಥರ್ಮಾಮೀಟರು!" ಹಾಗೆಂದವಳೇ ದನಿ ತಗ್ಗಿಸಿ, "ಮಾವ ಈಗೀಗ ಎರಡೆರಡು ಸ್ವೆಟರ್ ಹಾಕ್ಕೋತಾರೆ, ನೋಡಿದೀರಾ?" ಎಂದೂ ಕೇಳಿದ್ದಳು.

"ಚಳಿಗಾಲ ಕಣೇ. ಎಲ್ಲರೂ ಹಾಕ್ಕೋತಾರೆ," ಎಂದಿದ್ದ ಅವನು.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಗಡ್ಡ ಹೆರೆಯಲು ಕ್ಷೌರಿಕ ಬರುವುದು ವಾಡಿಕೆ. ಹತ್ತು ವರ್ಷದ ಸಲಿಗೆಯ, ಬಾಯಿ ಕಟ್ಟದ ಆಸಾಮಿ. ಅವತ್ತು ಕನ್ನಡಕದವನು ಹನ್ನೊಂದು ಗಂಟೆಯ ಡಿಗ್ರಿ ನೋಡಲೆಂದು ಅಪ್ಪನ ಕೋಣೆಯ ಕಡೆ ಬಂದ. ಬಾಗಿಲು ಓರೆಯಾಗಿತ್ತು.

"ಏನ್ ಯಜಮಾನ್ರೆ, ಇದು ರೂಮೋ ಐಸ್ ಪೆಟ್ಟಿಗೇನೋ? ಕತ್ತಿ ಹಿಡಿದ ನನ್ನ ಕೈಯೇ ನಡುಗ್ತಿದೆ. ಕೂದಲೆಲ್ಲ ನೆಟ್ಟಗೆ ನಿಂತಿದೆ ನಿಮ್ಮ ಕೆನ್ನೇಲಿ, ನನಗೇನೋ ಕೆಲಸ ಸಲೀಸು ಬಿಡಿ. ಆದ್ರೂ ಮಗನಿಗೆ ಒಂದು ಮಾತು ಹೇಳ್ಲಾ?"

"ಅಯ್ಯೋ, ಬಾಯಿ ಮುಚ್ಕೊಂಡು ಕೆಲಸ ಮಾಡು ಮಾರಾಯ! ಅವನ ಹತ್ರ ತುಟಿಪಿಟಕ್ ಅನ್ನಬೇಡ," ಎಂದ ಅಪ್ಪ.

ಕನ್ನಡಕದವನ ಕಾಲು ಅಲ್ಲೇ ನಿಂತಿತು.

"ನಿನಗೆ ಗೊತ್ತಿಲ್ಲ ಕೇಳು," ಅಪ್ಪನ ದನಿ ನೊರೆಯೊಳಗಿಂದ ಬರುತ್ತಿತ್ತು. "ಬೇಕರಿಯಿಂದ ಬೆವತು ತೊಪ್ಪೆಯಾಗಿ ಬರ್ತಿದ್ದೆ ನಾನು. ಬಂದು ಕೂತವನೇ ದಿನಾ ಒಂದೇ ಮಾತು: ಸಾಯೋದರೊಳಗೆ ಒಂದು ತಣ್ಣನೆ ಕೋಣೇಲಿ ಮಲಗಬೇಕು, ಅಷ್ಟು ಸಿಕ್ಕಿದ್ರೆ ಸಾಕು ಅಂತ. ಆಗ ಇವನು ಇಷ್ಟೇ ಇಷ್ಟಿದ್ದ. ಮರೆತಿಲ್ಲ ನೋಡು ಅವನು! ನಲವತ್ತು ವರ್ಷ ಮನಸಲ್ಲಿ ಇಟ್ಕೊಂಡಿದಾನೆ. ಹೀಟರ್ ತೆಗೆದ, ಪರದೆ ಹಾಕಿಸಿದ, ಥರ್ಮಾಮೀಟರ್ ತಂದ. ಮಧ್ಯಾಹ್ನ ಊಟಕ್ಕೆ ಬಂದ್ರೆ ಕೈ ತೊಳೆಯೋದಕ್ಕಿಂತ ಮುಂಚೆ ಇಲ್ಲಿಗೇ. ಬಾಗಿಲು ಜೋರಾಗಿ ಹಾಕಿದ್ರೆ ಹೆಂಡ್ತಿಗೂ ಗದರ್ತಾನೆ, ನನ್ನ ನಿದ್ದೆ ಕೆಡತ್ತೆ ಅಂತ. ಯಾರ ಮಗ ಹೀಗೆ ನೋಡ್ಕೋತಾನೆ, ಹೇಳು."

"ಮತ್ತೆ ಚಳಿ ಆಗಲ್ವಾ?"

"ಆಗತ್ತೆ. ಮೈಯಲ್ಲಿ ಈಗ ಏನಿದೆ? ಕಾಲಂತೂ ಮರದ ಕೊರಡು. ಆದ್ರೆ ಅಷ್ಟು ಆಸೆಯಿಂದ ಮಾಡಿದಾನೆ, ಚಳಿ ಅಂದ್ರೆ ಮುಖ ಸಣ್ಣ ಮಾಡ್ಕೋತಾನೆ. ಬೇಡ ಬಿಡು, ಎರಡು ತಿಂಗಳು ಕಳೆದ್ರೆ ಬಿಸಿಲು ಬರತ್ತೆ."

ಕನ್ನಡಕದವನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಇಷ್ಟು ದಿನ ದಿನಕ್ಕೆ ಮೂರು ಸಲ ಆ ಕೋಣೆಗೆ ಹೋಗಿದ್ದ, ಒಂದು ಸಲವೂ ಮಂಚದ ಕಡೆ ನೋಡಿರಲಿಲ್ಲ. ಅಲ್ಲಿಂದ ಚಾಚಿಕೊಂಡು ಬರುತ್ತಿದ್ದ ಅಂಗೈಯನ್ನು ಒಂದು ಆಟ ಎಂದುಕೊಂಡಿದ್ದ. ಕನ್ನಡಕದ ಅಂಗಡಿ ಇಟ್ಟುಕೊಂಡವನ ಕಣ್ಣು ಎಂಥದ್ದು ನೋಡಿ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಬಂದ ಹಾಗೆಯೇ ಸದ್ದಿಲ್ಲದೆ ಹಿಂದಕ್ಕೆ ಹೋಗಿ, ನಡುಮನೆಯ ಕುರ್ಚಿಯಲ್ಲಿ ಕೂತುಬಿಟ್ಟ.

ಕ್ಷೌರಿಕ ಹೋದ. ಊಟವಾಯಿತು. ಹೋಗಿ ಅಪ್ಪನ ಕಾಲು ಹಿಡಿದು ಎಲ್ಲ ಹೇಳಿಬಿಡಲೇ ಎಂದು ಎರಡು ಸಲ ಎದ್ದ, ಎರಡು ಸಲ ಕೂತ. ಹೇಳಿದರೆ ತನ್ನ ಎದೆಯ ಭಾರ ಇಳಿಯುತ್ತದೆ, ಸರಿ. ಆದರೆ ಅಪ್ಪನ ಹತ್ತಿರ ಇದ್ದ ಆ ಒಂದು ಹೆಮ್ಮೆಯನ್ನು ಕಿತ್ತುಕೊಂಡ ಹಾಗಾಗುತ್ತದೆ. ಹೇಳದೆ ಹೀಟರ್ ಹಚ್ಚೋಣವೆಂದರೆ, ಮುದುಕ ತನ್ನ ಮಾತನ್ನು ಮಗ ಮರೆತ ಎಂದುಕೊಳ್ಳುತ್ತಾನೆ. ಬಾಟಲಿಗಳ ಯೋಚನೆಯೂ ಬಂತು, ಬಾರದೇ ಏನು? ಬೇರೆ ಎರಡು ಕೋಣೆಗಳಿಗೆ ದಿನವಿಡೀ ಬಿಸಿಲು ಬೀಳುತ್ತದೆ. ಇಡಲು ಇನ್ನೆಲ್ಲೂ ಜಾಗವಿಲ್ಲ. ಹತ್ತು ವರ್ಷದ ಕನಸು ಒಂದೇ ಮಧ್ಯಾಹ್ನಕ್ಕೆ ಹಾಳು.

ಮೂರು ಗಂಟೆಗೆ ಅಟ್ಟ ಹತ್ತಿದ. ಹೀಟರಿನ ಧೂಳು ಒರೆಸಿ, ಎತ್ತಿಕೊಂಡು ಅಪ್ಪನ ಕೋಣೆಗೆ ಹೋದ.

"ಅದ್ಯಾಕೋ ಅದು?" ಅಪ್ಪ ಕತ್ತೆತ್ತಿದ.

"ನಂಗೆ ಚಳಿ ಅಪ್ಪ." ಹೀಟರನ್ನು ನೆಲಕ್ಕಿಟ್ಟ. "ನಿನ್ನ ಹತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅಂತ ಬಂದೆ. ಈ ತಣ್ಣಗೆ ನಿನಗೆ ಹಿಡಿಸತ್ತೆ, ನನಗೆ ತಡೆಯೋಕಾಗ್ತಿಲ್ಲ. ಹಚ್ಕೊಳ್ಲಾ?"

"ಅಯ್ಯೋ ಹುಚ್ಚಪ್ಪಾ, ಮುಂಚೇನೇ ಹೇಳಬಾರದಾ? ಹಚ್ಚು ಹಚ್ಚು. ನಾನು ಹೇಗೋ ತಡ್ಕೋತೀನಿ."

ಹೀಟರಿನ ಸರಿಗೆಗಳು ಕೆಂಪಾದವು. ಕನ್ನಡಕದವನು ಅದನ್ನು ಮಂಚದ ಕಾಲ ಬಳಿಗೆ ಸರಿಸಿ, ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕಂಬಳಿಯ ಕೊನೆಯಿಂದ ಹೊರಬಂದಿದ್ದ ಅಪ್ಪನ ಪಾದವನ್ನು ಮುಟ್ಟಿ ನೋಡಿದ. ಮಂಜುಗಡ್ಡೆ. ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದ.

"ಬಿಡೋ, ಕಚಗುಳಿ," ಎಂದ ಅಪ್ಪ. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಂಗೈಯನ್ನು ಹೀಟರಿನ ಕಡೆ ಚಾಚಿ ಹೇಳತೊಡಗಿದ: "ಹದಿನೈದು." ಸ್ವಲ್ಪ ಹೊತ್ತು ಬಿಟ್ಟು, "ಹದಿನೇಳು. ನಿನ್ನ ಚಳಿ ಹೋಯ್ತಾ?"

"ಇಲ್ಲ ಅಪ್ಪ, ಇನ್ನೂ ಇದೆ."

"ಹಾಗಾದ್ರೆ ಇರಲಿ. ಆತುರ ಪಟ್ರೆ ಬ್ರೆಡ್ಡು ಒಳಗೆ ಹಸೀನೇ ಉಳಿಯತ್ತೆ." ತನ್ನ ಮಾತಿಗೆ ತಾನೇ ನಕ್ಕ. "ಹತ್ತೊಂಬತ್ತು."

ಇಪ್ಪತ್ತನ್ನು ಅವನು ಹೇಳಲಿಲ್ಲ. ಕನ್ನಡಕದವನು ಮೊಳೆಯ ಕಡೆ ನೋಡಿದ. ಇಪ್ಪತ್ತೊಂದು ತೋರಿಸುತ್ತಿತ್ತು. ಬೆನ್ನಿಗೆ ತಾಗಿದ ಕಪಾಟಿನ ಬಾಗಿಲು ಬೆಚ್ಚಗಾಗಿತ್ತು.

ಆಗ ಹೆಂಡತಿ ಚಹಾ ಹಿಡಿದು ಒಳಗೆ ಬಂದಳು. ಕೆಂಪಗೆ ಉರಿಯುತ್ತಿದ್ದ ಹೀಟರು ಕಂಡು ಅವಳ ಹುಬ್ಬು ಮೇಲೇರಿತು. ಕಾಲಿನಿಂದ ಬಾಗಿಲು ತಳ್ಳಲು ಹೊರಟವಳಿಗೆ ಗಂಡ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ," ಎಂದ.

"ಗೊತ್ತು ಬಿಡಿ," ಅವಳು ಪಿಸುಗುಟ್ಟಿದಳು, "ನಿಮ್ಮ ಬಾಟಲಿ."

"ಬಾಟಲಿ ಅಲ್ಲ ಕಣೇ. ಅಪ್ಪ ಮಲಗಿದಾನೆ."

ಸಣ್ಣಗೆ ಗೊರಕೆ ಹೊಡೆಯುತ್ತಿದ್ದ ಅಪ್ಪನ ಕೈ ಮಂಚದ ಅಂಚಿನಿಂದ ಕೆಳಗೆ ಜಾರಿತ್ತು. ಅಂಗೈ ಹಾಗೆಯೇ ಬಿಚ್ಚಿಕೊಂಡು ಹೀಟರಿನ ಕಡೆಗಿತ್ತು.