ಮೂರನೆಯ ಕಿವಿ

ಪರದೆಯ ಮೇಲಿನ ಎರಡು ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತಿವೆ, ಬರಲಿ, ಬಿಸಿಲು ಹೊಸ್ತಿಲು ದಾಟಿ ಅಪ್ಪನ ಮಂಚದ ಕಾಲು ಮುಟ್ಟಿದೆ, ಹೊರಗೆ ಸಿಂದಗಿ ಬಸ್ಸು ಹಾರ್ನು ಹೊಡೆಯಿತು, ಅಷ್ಟಕ್ಕೇ ಅಪ್ಪ ಕುತ್ತಿಗೆ ಎತ್ತಿದ, ಎತ್ತಬೇಡಪ್ಪಾ, ಮೋದಿನ ಕಾಕಾ ಆ ಬಸ್ಸಿನಿಂದ ಇನ್ನು ಇಳಿಯುವುದಿಲ್ಲ — ಹೇಳಿದರೆ ತಿಳಿಯಬೇಕಲ್ಲ ಅವನಿಗೆ, ಸುವರ್ಣಾ ಮತ್ತೆ ಪರದೆಗೆ ತಿರುಗಿದಳು. ಒಂದು ಗೆರೆ ಇಂಡಿ ಊರಿನ ಈ ಮನೆಯ ಯಂತ್ರದ ಪೆಟ್ಟಿಗೆಯದು, ಇನ್ನೊಂದು ಮಸೂತಿ ಊರಿನ ಹೊಲದ ಪಂಪಿನ ಪೆಟ್ಟಿಗೆಯದು, ಬೇರೆ ಯಾರೂ ಪಂಪು ಚಾಲೂ ಮಾಡದಿರಲೆಂದು ಎರಡಕ್ಕೂ ಒಂದು ಗುಟ್ಟಿನ ಕೀಲಿ ಬೇಕು, ಅದನ್ನು ಯಾರೂ ಯಾರಿಗೂ ಕಳಿಸುವುದಿಲ್ಲ, ಹಾದಿಯಲ್ಲಿ ಕದಿಯಲು ಏನೂ ಇಲ್ಲ, ಎರಡಕ್ಕೂ ಒಂದೇ ಪ್ರಶ್ನೆ, ಇದು ಹೌದು ಅನ್ನುತ್ತದೆ, ಅದೂ ಹೌದು ಅಂದರೆ ಎರಡೂ ತಮ್ಮೊಳಗನ್ನು ಒಂದಿಷ್ಟು ತಿದ್ದಿಕೊಳ್ಳುತ್ತವೆ, ಮಾತು ಕೂಡದಿದ್ದರೆ ಮುಂದಿನ ಪ್ರಶ್ನೆ, ಹೀಗೇ ತಿದ್ದಿಕೊಳ್ಳುತ್ತ ಕೊನೆಗೆ ಎರಡರ ಹೊಟ್ಟೆಯಲ್ಲೂ ಒಂದೇ ಸಂಖ್ಯೆ. ಕದ್ದು ಕೇಳಲೆಂದು ಪರೀಕ್ಷೆಗೆ ಮೂರನೆಯ ಪೆಟ್ಟಿಗೆಯೊಂದನ್ನೂ ಅವಳೇ ಕೂರಿಸಿದ್ದಾಳೆ, ಅದು ಎಲ್ಲ ಕೇಳುತ್ತದೆ, ಆದರೆ ಅದರ ಮಾತಿಗೆ ಯಾರೂ ತಮ್ಮನ್ನು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ಹಿಂದೇ ಬೀಳುತ್ತದೆ. ಪಂಪಿನ ಹತ್ತಿರ ಕೂತ ಅವಳ ಸಹಾಯಕ ಕಾಂತು ಬೆಳಿಗ್ಗೆ ಫೋನಿನಲ್ಲಿ ನಕ್ಕಿದ್ದ, ಅಕ್ಕಾರ, ನಿಮ್ಮ ಮೂರನೇದು ಪಾಪ ನೋಡ್ರಿ, ಮಂದಿ ಮದುವ್ಯಾಗ ಕಿಡಕಿ ಹೊರಗ ನಿಂತು ಊಟ ನೋಡಿದಂಗ. ನಗಬೇಕಿತ್ತು, ನಗು ಬರಲಿಲ್ಲ, ಕಿಟಕಿ ಹೊರಗೆ ನಿಂತವರ ಸಂಕಟ ಕಾಂತುವಿಗೇನು ಗೊತ್ತು — ಅವಳು ಸಣ್ಣವಳಿದ್ದಾಗಿನ ದನದ ಸಂತೆ, ಸಗಣಿ, ಧೂಳು, ಅಪ್ಪ ಸಿದ್ದರಾಯ ದಲಾಲಿ ಈ ಕಡೆ, ಮೋದಿನಸಾಬ ದಲಾಲಿ ಆ ಕಡೆ, ನಡುವೆ ಕೈಗಳ ಮೇಲೆ ಹೊದಿಸಿದ ಟವೆಲ್, ಟವೆಲ್ಲಿನಲ್ಲಿ ಇಲಿಮರಿ ಓಡಾಡಿದಂಥ ಉಬ್ಬು, ಬೆರಳು ಹಿಡಿದು ದರ ಹೇಳುವುದು ಎಲ್ಲ ದಲಾಲಿಗಳಿಗೂ ಬರುತ್ತಿತ್ತು, ಇವರಿಬ್ಬರು ಮಾತ್ರ ಅದೇ ಬೆರಳಲ್ಲಿ ಚಹಾಕ್ಕೆ ಕರೆಯುತ್ತಿದ್ದರು, ಗಿರಾಕಿಯ ಮೀಸೆಗೆ ನಗುತ್ತಿದ್ದರು. ಕಾಕಾ, ನನಗೂ ಹೇಳ್ರಿ. ಹೇಳಾಕ ಇದೇನ್ ಮಗ್ಗೀನವ್ವ, ನಿಮ್ಮಪ್ಪ ಒಂದ್ ಒತ್ತತಾನ, ನಾ ಒಂದ್ ಒತ್ತತೇನಿ, ತಪ್ಪಿದ್ರ ಬೈತಾನ, ಹಂಗ ಆಗೇತಿ. ಏ ಮೋದ್ಯಾ, ಹೆಣ್ಣಹುಡುಗಿಗೆ ಸಂತಿ ವಿದ್ಯಾ ಕಲಸಬ್ಯಾಡ, ನೀ ಮನಿಗೆ ನಡಿಯಬೇ. ನಡೆದಿದ್ದಳು, ತಿರುತಿರುಗಿ ಆ ಉಬ್ಬನ್ನೇ ನೋಡುತ್ತ. ಆಮೇಲೆ ಪಾರ್ಶ್ವವಾಯು, ಇನ್ನು ಮಾತು ಹೊರಗೂ ಬರುವುದಿಲ್ಲ ಒಳಗೂ ಹೋಗುವುದಿಲ್ಲ ಅಂದರು ಡಾಕ್ಟರು, ಎಡಗೈ ಉಳಿಯಿತು, ಎಡಗೈಗೆ ಮೋದಿನ ಕಾಕಾ ಉಳಿದ, ಸಂತೆಯ ದಿನ ತಪ್ಪದೆ ಬಂದು ಮಂಚದ ಮೇಲೆ ಟವೆಲ್ ಹಾಸಿ ಕೈ ತೂರಿಸುತ್ತಿದ್ದ, ಅಪ್ಪ ದನಿಯಿಲ್ಲದೆ ಹೊಟ್ಟೆ ಕುಣಿಸಿ ನಗುತ್ತಿದ್ದ, ಏನ್ ಮಾತಾಡಾಕತ್ತೀರಿ ಕಾಕಾ? ನಿನ್ನ ಲಗ್ನದ್ದವ್ವ, ವರ ಚಲೋ ಅದಾನ, ಒಂದ್ ಕೋಡ ಅಷ್ಟ ಮುರದೈತಿ. ಆಮೇಲೊಂದು ದಿನ ಕಾಕಾನ ಮಗ ನಿಜಾಮುದ್ದೀನನ ಫೋನು, ಅಬ್ಬಾ ಹೋದ್ರು ಸುವರ್ಣಕ್ಕಾ, ಮುಂಜಾನಿ ಚಾ ಕುಡದು ಕುಂತವ್ರು ಏಳಲೇ ಇಲ್ಲ. ಮಣ್ಣಿಗೆ ಹೋಗಿ ಬಂದು ಅಂದೇ ಹೇಳಿದಳು, ಕಾಕಾ ಹೋದ್ರಪ್ಪಾ, ಅಪ್ಪ ತಲೆ ತೂಗಿದ, ಮಜ್ಜಿಗೆ ಬೇಕೇನು ಅಂದಾಗ ತೂಗುವ ಹಾಗೆ, ಅಷ್ಟೇ.

ಇವತ್ತು ಸಂತೆ. ಅಪ್ಪ ತಾನೇ ಟವೆಲ್ ಎಳೆದುಕೊಂಡ, ಎಡಗೈ ಅದರ ಕೆಳಗಿಟ್ಟ, ಖಾಲಿ ಕುರ್ಚಿಯ ಕಡೆ ನೋಡುತ್ತ ಕಾಯುತ್ತಿದ್ದಾನೆ, ಟವೆಲ್ಲಿನ ಕೆಳಗೆ ಒಂದೇ ಉಬ್ಬು, ಅದು ಹಾಗೆ ಸುಮ್ಮನಿದ್ದುದನ್ನು ಅವಳು ಕಂಡೇ ಇಲ್ಲ, ನೋಡಲಾಗದೆ ಲ್ಯಾಪ್‌ಟಾಪನ್ನು ಮಗ್ಗುಲಲ್ಲಿಟ್ಟು ಕುರ್ಚಿಯಲ್ಲಿ ಕೂತು ಕೈ ತೂರಿಸಿದಳು. ಎಷ್ಟು ಬಿಸಿ ಅಪ್ಪನ ಅಂಗೈ. ತೋರುಬೆರಳು ಒತ್ತಿದ, ತಡೆದ, ಅಂಗೈ ಒತ್ತಿದ, ಎಲ್ಲಿ ಅಂತಿದ್ದಾನಾ, ಯಾಕೆ ಬರಲಿಲ್ಲ ಅಂತಿದ್ದಾನಾ, ತಿಳಿಯದೆ ಅದನ್ನೇ ತಿರುಗಿ ಒತ್ತಿದಳು, ಅಪ್ಪ ಹುಬ್ಬು ಗಂಟಿಕ್ಕಿದ, ತಪ್ಪು, ಮತ್ತೆ ಒತ್ತಿದ, ಈ ಸಲ ಮೆಲ್ಲಗೆ, ಕೂಸಿಗೆ ಕಲಿಸುವ ಹಾಗೆ — ಅವಳಿಗಾಗಿ ಅವನು ತನ್ನ ಒತ್ತನ್ನು ತಿದ್ದಿಕೊಂಡಿದ್ದ, ಅವಳು ಹೆಬ್ಬೆರಳು ಒತ್ತಿ ನೋಡಿದಳು, ಅಪ್ಪನ ತುಟಿಯ ಅಂಚು ಸರಿಯಿತು, ಹೌದಾ, ಇದು ಹೌದಾ ಅಪ್ಪಾ — ಟಿಣ್ ಅಂದಿತು ಲ್ಯಾಪ್‌ಟಾಪು, ಗೆರೆಗಳು ಕೂಡಿದ್ದವು, ಕೀಲಿ ಹುಟ್ಟಿತ್ತು, ರೂಢಿಯ ಕೈ ಸರಕ್ಕನೆ ಹೊರಬಂದು ಗುಂಡಿ ಒತ್ತಿತು. ಒತ್ತಿದ ಮೇಲೆ ಹೊಳೆಯಿತು. ಸಂತೆಯಲ್ಲಿ ಸಣ್ಣ ಕೂಸಿಗೂ ಗೊತ್ತಿರುವ ಮಾತು ಅದೊಂದೇ, ಉತ್ತರ ಒತ್ತದೆ ಕೈ ಹೊರಗೆಳೆದರೆ ಯಾಪಾರ ಮುರಿಯಿತು, ಆ ಕಡೆಯ ಮನುಷ್ಯ ಇನ್ನು ಬರುವುದಿಲ್ಲ. ಅಪ್ಪ ಕುರ್ಚಿ ನೋಡಿದ, ಬಾಗಿಲು ನೋಡಿದ, ಅವಳನ್ನು ನೋಡಿದ, ಕಣ್ಣು ತುಂಬುತ್ತಿದೆ, ಅಲ್ಲಪ್ಪಾ, ಕಾಕಾ ಬರ್ತಾರ ಅನ್ನಲೇ, ಅಲ್ಲ ಅಂದರೆ ಸುಳ್ಳು, ಹೌದು ಅನ್ನಲು ಬೆರಳಿಗೆ ಬರುವುದಿಲ್ಲ, ಕೈಯನ್ನು ಮತ್ತೆ ತೂರಿಸಿದಳು, ಒಳಗೆ ಮುಷ್ಟಿ ಬಿಗಿದಿದೆ, ಬಿಡಿಸಲು ಬೆರಳಿಗೆ ಸಂದಿಲ್ಲ, ಕೈ ತೆಗೆದಳು, ಟವೆಲ್ಲಿನ ಕೆಳಗೆ ಒಂದೇ ಉಬ್ಬು, ಅಲ್ಲಾಡುತ್ತಿಲ್ಲ, ಒಂದೇ ಉಬ್ಬು