ಎಡಗಡೆಯ ಆಸನ

ಗಾಜಿನ ಮೂಲೆಯಲ್ಲಿ ಒಂದು ಹನಿ, ಕೆಳಗಿಳಿಯುವ ಬದಲು ಮೇಲಕ್ಕೆ ಹತ್ತುತ್ತಿದೆ, ಮೋಡ ಬಿಟ್ಟುಹೋದ ಹನಿ, ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತಿದೆ, ಬಾಲ ಬೇರೆ ಬಂದಿದೆ ಅದಕ್ಕೆ — ಸಾಕು, ಹನಿ ನೋಡುತ್ತ ಕೂತರೆ ಮುಗಿಯಿತು ನನ್ನ ಕಥೆ, ವೇಗ ನೋಡು, ಎತ್ತರ ನೋಡು, ನಾಲ್ಕು ಸಾವಿರ ಅಡಿ, ಬಲಗಡೆಯಿಂದ ಗಾಳಿ, ಎಡಗೈಯಲ್ಲಿ ಹಿಡಿ, ಬಲಗೈ ಥ್ರಾಟಲಿನ ಮೇಲೆ, ಎಡಗೈಯಲ್ಲಿ ಹಿಡಿ, ಎಡಗೈಯಲ್ಲಿ, ಆರು ವರ್ಷ ಬಲಗಡೆ ಕೋ-ಪೈಲಟ್ ಆಗಿ ಕೂತವಳಿಗೆ ಎಡಗಡೆಯ ಆಸನವೆಂದರೆ ಕನ್ನಡಿಯೊಳಗಿನ ಮನೆಯ ಹಾಗೆ, ಎಲ್ಲ ನಮ್ಮದೇ ಸಾಮಾನು, ಎಲ್ಲ ತಿರುಗಾಮುರುಗಾ. ನನ್ನ ಹಳೆಯ ಜಾಗದಲ್ಲಿ ಇವತ್ತು ನನ್ನ ಪರೀಕ್ಷಕರಾಗಿ ಕ್ಯಾಪ್ಟನ್ ಕೂತಿದ್ದಾರೆ, ಅವರ ಜಾಗದಲ್ಲಿ ನಾನು, ತಿರುಗಿ ನೋಡಬಾರದು, ನೋಡದೆಯೂ ಕಾಣುತ್ತದೆ, ಹೆಗಲ ಮೇಲಿಂದ ಎದೆಗೆ ಇಳಿದ ಬೆಲ್ಟಿನ ಎರಡು ಪಟ್ಟಿಗಳನ್ನು ಎರಡು ಕೈಗಳು ಹಿಡಿದುಕೊಂಡಿವೆ, ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವ ಹಾಗೆ. ಆ ಕೈ ಮಾಡಬೇಕಾದ್ದು ನಾನು ಹೇಳಿದ್ದನ್ನು ಮಾತ್ರ. ಚಕ್ರ ಇಳಿಸಿ ಅಂದರೆ ಇಳಿಸುತ್ತದೆ, ರೆಕ್ಕೆಯ ಫ್ಲಾಪ್ ಅಂದರೆ ಫ್ಲಾಪ್, ಹೇಳದೆ ಒಂದು ಸಲ, ಒಂದೇ ಒಂದು ಸಲ, ಎರಡೂ ಕಡೆ ಒಟ್ಟಿಗೆ ಅಲುಗುವ ಚಾಲನೆಯ ಹಿಡಿಯ ಮೇಲೆ ಬಂತೋ ನಾನು ಫೇಲ್. ಪಾಸಾದರೆ ಸೋಮವಾರದಿಂದ ಕ್ಯಾಪ್ಟನ್. ಪಾಸಾದರೆ ಅವರು ಸೋಮವಾರ ಪೆಟ್ಟಿಗೆ ಕಟ್ಟಿ ಪ್ರಯಾಣಿಕರ ಸಾಲಿನಲ್ಲಿ ನಿಲ್ಲಬೇಕು, ಕಂಪನಿಯ ಕಾಗದ ಹಾಗಿದೆ, ಕೊನೆಯ ಎಡಗಡೆ ಆಸನಕ್ಕೆ ಇಲ್ಲಿಯವರು ಸಿಗುವ ತನಕ ಕೊನೆಯ ಪರದೇಶಿ ಕ್ಯಾಪ್ಟನ್ ಇರಬಹುದು, ಆಮೇಲೆ ನಮಸ್ಕಾರ. ನೀನು ಫೇಲಾದರೆ ನನಗೆ ಇನ್ನೂ ಮೂರು ತಿಂಗಳ ಕೆಲಸ, ನೋಡಮ್ಮ, ಸ್ವಲ್ಪ ದಯೆ ತೋರಿಸು, ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ನಗುತ್ತಾ ಅಂದರು, ನಾನೂ ನಕ್ಕೆ.

ದೊಡ್ಡಪ್ಪ ಅಂತ ನಾವು ಅವರ ಬೆನ್ನ ಹಿಂದೆ ಕರೆಯುವುದು, ಬಿಳಿ ತಲೆ, ಕಾರಣವಿಲ್ಲದ ಗದರಿಕೆ, ಕಾರಣ ಕೇಳಿದರೆ ಇನ್ನೊಂದು ಗದರಿಕೆ, ಒಂದು ದಿನ ನನ್ನ ಬಾಯಿ ಜಾರಿ ಮೈಕಿನಲ್ಲೇ ಸರಿ ದೊಡ್ಡಪ್ಪ ಅಂದುಬಿಟ್ಟೆ, ಏನದು, ಏನಿಲ್ಲ ಕ್ಯಾಪ್ಟನ್, ಏನದು ಹೇಳು, ಅಪ್ಪನ ಅಣ್ಣ ಅಂತ ಅರ್ಥ ಕ್ಯಾಪ್ಟನ್, ಓ, ಅಪ್ಪನಿಗಿಂತಲೂ ದೊಡ್ಡವನು, ಸರಿ, ಹಾಗಾದರೆ ಅಪ್ಪನ ಮಾತು ಕೇಳದಿದ್ದರೂ ಪರವಾಗಿಲ್ಲ, ನನ್ನ ಮಾತು ಕೇಳು, ವೇಗ ಜಾಸ್ತಿ ಇದೆ. ಮೂರು ಸಾವಿರ. ಫ್ಲಾಪ್ ಒಂದು, ಅಂದೆ, ಒಂದು, ಅಂದರು, ಬಲಗಡೆಯ ಕೈ ಪಟ್ಟಿ ಬಿಟ್ಟಿತು, ಅಲ್ಲ, ಅವರ ಎಡಗೈ, ನನಗೆ ಇನ್ನೂ ಗೊಂದಲ, ಫ್ಲಾಪಿನ ಸನ್ನೆಕೋಲು ಎಳೆದು ಮತ್ತೆ ಪಟ್ಟಿಗೆ ಹೋಯಿತು. ಸಿಮ್ಯುಲೇಟರಿನಲ್ಲಿ ಮೊದಲ ದಿನ ಎಡಗಡೆ ಕೂತಾಗ ವಿಮಾನದ ಮೂತಿ ಎತ್ತಬೇಕಿತ್ತು, ಅಭ್ಯಾಸಬಲ, ಬಲಗೈ ಎಳೆಯಿತು, ಬಲಗೈಯಲ್ಲಿದ್ದದ್ದು ಥ್ರಾಟಲ್, ಎರಡೂ ಇಂಜಿನ್ನಿನ ಉಸಿರು ಇಳಿಸಿ ಸುಳ್ಳು ಹೊಲದಲ್ಲಿ ಸುಳ್ಳು ವಿಮಾನ ಬೀಳಿಸಿದೆ, ಗದರುತ್ತಾರೆ ಅಂದುಕೊಂಡರೆ ಅವರು ಕೆಂಪು ಪರದೆ ನೋಡಿಕೊಂಡು, ನೂರ ಎಂಬತ್ತು ಜನರನ್ನು ಬಿತ್ತಿದೆಯಲ್ಲ, ಒಳ್ಳೆ ಬೆಳೆ ಬರುತ್ತದೆ, ಅಂದರು, ಆಮೇಲೆ ತಮ್ಮ ರಜದ ದಿನವೂ ಬಂದು ಕೂತರು, ಹದಿನೇಳು ಸಲ, ಯಾರೂ ಕೇಳಿರಲಿಲ್ಲ, ಅದಕ್ಕೆ ಯಾರೂ ದುಡ್ಡು ಕೊಡುವುದೂ ಇರಲಿಲ್ಲ. ಒಂದು ತಿಂಗಳು ಎಡಗೈಯಲ್ಲಿ ಹಲ್ಲುಜ್ಜು, ಎಡಗೈಯಲ್ಲಿ ತಲೆ ಬಾಚು, ಎಡಗೈಯಲ್ಲಿ ಬೀಗ ತೆಗಿ, ಅಂದರು. ಅಮ್ಮ ನೋಡಿ, ಏನೇ ಇದು ಬೈತಲೆ, ಹಾವು ಹರಿದ ಹಾಗಿದೆ, ವಿಮಾನಾನೂ ಹಿಂಗೇ ಓಡಿಸ್ತೀಯಾ, ಅಜ್ಜಿ ಮಂಚದಿಂದಲೇ, ಸುಮ್ನಿರೇ, ಗುರು ಹೇಳಿದಾನೆ ಅಂದ್ಮೇಲೆ ಕಾಲಲ್ಲಿ ಬಾಚ್ಕೋ ಅಂದ್ರೂ ಬಾಚ್ಕೋಬೇಕು.

ಅಜ್ಜಿಯ ಕಥೆಯಲ್ಲಿ ಒಂದು ಹಾರುವ ಕುದುರೆ, ರಾಜಕುಮಾರಿಗೆ ಅದನ್ನು ಹತ್ತಲು ಬರುವುದಿಲ್ಲ, ಏಳು ಸಮುದ್ರದ ಆಚೆಯಿಂದ ಒಬ್ಬ ಲಾಯದವನು ಬರುತ್ತಾನೆ, ಕಲಿಸುತ್ತಾನೆ, ಅವಳು ಹಾರಿಹೋಗುತ್ತಾಳೆ, ರಾಕ್ಷಸನನ್ನು ಕೊಲ್ಲುತ್ತಾಳೆ, ರಾಜ್ಯ ಆಳುತ್ತಾಳೆ, ಅಜ್ಜಿ ಲಾಯದವನು ಎಲ್ಲಿಗೆ ಹೋದ, ಯಾವ ಲಾಯದವನು, ಕಲಿಸಿದನಲ್ಲ ಅವನು, ಅಯ್ಯೋ ಕಥೆ ಅವನದಲ್ಲ ಕಣೇ, ಮಲ್ಕೋ. ನನಗೆ ನಿದ್ದೆ ಬರುತ್ತಿರಲಿಲ್ಲ. ಈಗಲೂ — ಎರಡು ಸಾವಿರ, ಚಕ್ರ ಇಳಿಸಿ, ಇಳಿಯಿತು, ಕಾಲ ಕೆಳಗೆ ಗುಡುಗಿತು, ಪೂರ್ತಿ ಫ್ಲಾಪ್, ಪೂರ್ತಿ, ಮೋಡ ಹರಿದು ರನ್‌ವೇ, ಸ್ವಲ್ಪ ಎಡಕ್ಕೆ, ನಾವು ಗಾಳಿಗೆ ಮೂತಿ ತಿರುಗಿಸಿ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿದ್ದೇವೆ, ಪಟ್ಟಿ ಹಿಡಿದ ಕೈ ಅಲ್ಲೇ ಇದೆ. ಮೂರನೇ ಸಹಿ ನನ್ನದು. ಎರಡು ವರ್ಷದ ಹಿಂದೆ, ನಮ್ಮ ಆಸನ ನಮಗೆ ಎಂಬ ಮನವಿ, ಕೋ-ಪೈಲಟ್‌ಗಳೆಲ್ಲ ಸೇರಿ ಬರೆದದ್ದು, ತಪ್ಪೇನಿಲ್ಲ, ವಿಮಾನ ಕೊಳ್ಳುವ ಅವಸರದಲ್ಲಿ ಪೈಲಟ್‌ಗಳನ್ನು ಬೆಳೆಸಲಿಲ್ಲ ಕಂಪನಿಯವರು, ಹೊರಗಿನಿಂದ ಕರೆಸಿದರು, ಮನೆ ಕೊಟ್ಟರು, ಕಾರು ಕೊಟ್ಟರು, ನಮ್ಮ ಅನುಭವದ ಗಂಟೆಗಳು ತುಂಬಿದ ಮೇಲೂ ಬಲಗಡೆಯಲ್ಲೇ ಕೊಳೆಸಿದರು, ಸಹಿ ಹಾಕಿದೆ, ಇವತ್ತು ಕೊಟ್ಟರೂ ಹಾಕುತ್ತೇನೆ, ಆದರೆ ಹಾಕುವಾಗ ಯಾವ ಮುಖವೂ ಕಣ್ಣ ಮುಂದೆ ಬಂದಿರಲಿಲ್ಲ. ಹೇಳಿಬಿಡಬೇಕೆಂದು ಒಂದು ದಿನ ಟೀ ಕಪ್ಪು ಹಿಡಿದು, ಎಡಗೈಯಲ್ಲೇ, ಕ್ಯಾಪ್ಟನ್, ಆ ಮನವಿಯಲ್ಲಿ ನಾನೂ, ಅಂದೆ. ಗೊತ್ತು, ಮೂರನೆಯದು, ಅಕ್ಷರ ದುಂಡಗಿದೆ. ಬೇಜಾರಾಯ್ತಾ. ನಿನ್ನ ವಯಸ್ಸಿನಲ್ಲಿ ನಾನಾಗಿದ್ದರೆ ಮೊದಲನೆಯದೇ ನನ್ನದು, ಮೂರನೆಯವಳಾಗಿ ಹಾಕಿದೆಯಲ್ಲ ಅಂತ ಬೇಜಾರು. ಊರಿಗೆ ಹೋಗಿ ಏನು ಮಾಡ್ತೀರಿ, ಕೇಳಿದೆ, ಅಲ್ಲೂ ಎಲ್ಲ ಆಸನ ತುಂಬಿವೆಯಂತೆ ಚಿಕ್ಕವರಿಂದ, ಸರಕು ವಿಮಾನ ನೋಡ್ತೀನಿ, ಪೆಟ್ಟಿಗೆಗಳು ಮನವಿ ಬರೆಯೋದಿಲ್ಲ, ಅಂದರು.

ಐನೂರು. ಸರಿಯಾಗಿದೆ. ನಾನೂರು, ಗಾಳಿ ಒಮ್ಮೆಲೇ ಸತ್ತಿತು, ವೇಗ ಜಾರುತ್ತಿದೆ, ಹನ್ನೆರಡು ನಾಟ್ ಕಡಿಮೆಯಾಯಿತು, ಹದಿನೈದು, ಈಗ ಇಳಿಸದೆ ಮತ್ತೆ ಮೇಲಕ್ಕೆ ಹೋದರೆ ಹೆದರಿದಳು ಅಂತಾರೆ, ಇಳಿಸಿದರೆ — ಯಾರು ಅಂತಾರೆ, ಅನ್ನಲಿ, ಗೋ ಅರೌಂಡ್, ನನ್ನದೇ ದನಿ, ಬಲಗೈ ಮುಂದಕ್ಕೆ ಪೂರ್ತಿ, ಎಡಗೈ ಮೂತಿ ಎತ್ತಿತು, ಎಡಗೈಯೇ, ಅಮ್ಮಾ, ಬೈತಲೆಯ ಕೈಯೇ, ಫ್ಲಾಪ್ ಒಂದು ಹಂತ, ಆಯಿತು, ಚಕ್ರ ಮೇಲಕ್ಕೆ, ಮೇಲಕ್ಕೆ, ಹೇಳಿದ್ದಷ್ಟನ್ನೇ ಮಾಡಿ ಎರಡೂ ಕೈ ಮತ್ತೆ ಪಟ್ಟಿಗೆ. ಪ್ರಯಾಣಿಕರಿಗೆ ನಾನೇ ಹೇಳಿದೆ, ಗಾಳಿ ಹಟ ಮಾಡುತ್ತಿದೆ, ಇನ್ನೊಂದು ಸುತ್ತು ಹೋಗಿ ಬರುತ್ತೇವೆ, ಹಿಂದೆ ಒಂದು ಮಗು ಅಳುತ್ತಿದೆ, ಅಳಲಿ, ಅಳುವಷ್ಟು ಕ್ಷೇಮವಾಗಿದೆ. ಹತ್ತು ನಿಮಿಷ, ಮತ್ತೆ ಅದೇ ಗಾಜು, ಅದೇ ರನ್‌ವೇ, ಐನೂರು, ಮುನ್ನೂರು, ವೇಗ ನಿಂತಿದೆ, ನೂರು, ಯಂತ್ರದ ದನಿ ಎಣಿಸುತ್ತಿದೆ, ಐವತ್ತು, ನಲವತ್ತು, ಬಲ ರೆಕ್ಕೆ ಎದ್ದಿತು, ಯಾರೋ ಕೆಳಗಿನಿಂದ ಅಂಗೈ ಕೊಟ್ಟು ಎತ್ತಿದ ಹಾಗೆ, ಇದು, ಇದೇ ಕ್ಷಣ, ಯಾವ ಪರೀಕ್ಷಕನಾದರೂ ಇಲ್ಲಿ ಕೈ ಹಾಕುತ್ತಾನೆ, ಅವರು ಹಾಕಿದರೂ ತಪ್ಪಲ್ಲ, ಹಾಕಿದರೆ ಮೂರು ತಿಂಗಳ ಕೆಲಸ, ಯಾರೂ ಕೇಳುವುದಿಲ್ಲ, ಅಷ್ಟು ಗಾಳಿ ಇತ್ತು ಅಂದರೆ ಸಾಕು, ಎಡಗೈ ಬಲಕ್ಕೆ, ಇಷ್ಟೇ ಇಷ್ಟು, ಕಾಲು ಮೂತಿಯನ್ನು ನೇರ ಮಾಡುತ್ತಿದೆ, ಮೂವತ್ತು, ಇಪ್ಪತ್ತು, ಬಲಗೈ ಹಿಂದಕ್ಕೆ, ಥ್ರಾಟಲ್ ಹಿಂದಕ್ಕೆ, ಹಿಡಿ ಅಲುಗಿತೇ, ನನ್ನ ಕೈಗೋ, ಅವರ ಕೈಗೋ, ದಡ್. ಬಲ ಚಕ್ರ. ದಡ್. ಎಡ ಚಕ್ರ. ಒರಟು, ಸುಂದರವಲ್ಲ, ನಡುಗೆರೆಯಿಂದ ಎರಡು ಮಾರು ಆಚೆ, ಆದರೆ ನೆಲ, ನೆಲ, ನೆಲ.

ನಿಲ್ದಾಣದ ಕಟ್ಟಡದ ಮುಂದೆ ಬ್ರೇಕ್ ಹಾಕಿ ಇಂಜಿನ್ ಆರಿಸಿದ ಮೇಲೆ ಬರುವ ಮೌನದಲ್ಲಿ ಫ್ಯಾನು ಮಾತ್ರ ಗುಯ್ಯೆನ್ನುತ್ತದೆ, ಅವರು ಇನ್ನೂ ಪಟ್ಟಿ ಬಿಟ್ಟಿಲ್ಲ, ಪರೀಕ್ಷೆಯ ಹಾಳೆ ನನ್ನ ಕಡೆ ಇದೆ, ಕೊಟ್ಟೆ, ಪೆನ್ನು ಕೊಟ್ಟೆ. ಕ್ಯಾಪ್ಟನ್, ಅಂದೆ. ಯಾರನ್ನು ಕರೀತಿದ್ದೀಯ, ಕ್ಯಾಪ್ಟನ್ ಆ ಕಡೆ ಕೂತಿರೋರು, ಅಂದರು. ದೊಡ್ಡಪ್ಪ, ಅಂದೆ, ಮುಂದೆ ಬರಬೇಕಾದ ಮಾತುಗಳೆಲ್ಲ, ಹದಿನೇಳು ರಜದ ದಿನ, ಕನ್ನಡಿಯ ಮನೆ, ಅಜ್ಜಿ ಕೇಳಿದ ಪ್ರಶ್ನೆ, ಪಾಪ ಆ ಮನುಷ್ಯನಿಗೆ ಒಂದಿನ ಮನೇಲಿ ಊಟ ಹಾಕ್ದೇನೇ, ಇಲ್ಲ ಅಜ್ಜಿ, ಇವತ್ತು ಕರೆದುಕೊಂಡು ಬರುತ್ತೇನೆ ಅಜ್ಜಿ, ಯಾವುದನ್ನೂ ಆಡುವ ಮೊದಲೇ ಅವರು ತಲೆ ಆಡಿಸಿದರು, ಪರೀಕ್ಷಕ ಕೈ ಹಾಕಬೇಕಾಯಿತೇ ಎಂಬ ಸಾಲಿನ ಮುಂದೆ ಬರೆಯಲು ಬೆರಳು ಬಿಡಿಸಿದರು, ಬಿಡಿಸುವುದಕ್ಕೇ ಒಂದಿಷ್ಟು ಹೊತ್ತು ಹಿಡಿಯಿತು, ಇಲ್ಲ, ಎಂದು ಬರೆದರು, ಪೆನ್ನು ಹಿಂದಕ್ಕೆ ಚಾಚಿದರು, ಚಾಚಿದ ಅಂಗೈಯಲ್ಲಿ ಬೆಲ್ಟಿನ ನೇಯ್ಗೆ, ಎಳೆ ಎಳೆಯಾಗಿ, ಅಡ್ಡ ಎಳೆ ಉದ್ದ ಎಳೆ, ಕೆಂಪಗೆ ಅಚ್ಚೊತ್ತಿದೆ, ಇನ್ನೊಂದು ಅಂಗೈಯಲ್ಲೂ, ಕೆಂಪಗೆ, ಎಳೆ ಎಳೆಯಾಗಿ, ಹಿಡಿ ಅಲುಗಿದಾಗಲೂ ಪಟ್ಟಿ ಬಿಡದ ಆ ಅಂಗೈ.